ಅಂಟಿಸಲು ಹೋದರೆ ಇದ್ದದ್ದೂ ಹೋಯಿತು

ಅಪ್ಪ ತಮ್ಮ ನೆನಪುಗಳನ್ನು ಬರೆದಿಡಲಿ ಎಂದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಕಿಟಕಿ-ಮೆನುಗಳನ್ನು ಕಟ್ಟಿಕೊಡುವ ಟಿಕಿಂಟರ್ ಬಳಸಿ ಒಂದು ಪುಟ್ಟ ಎಡಿಟರ್ ಮಾಡಿಕೊಟ್ಟಿದ್ದೆ. ದೊಡ್ಡ ಅಕ್ಷರ, ನಾಲ್ಕೇ ಮೆನು. ಒಂದು ಸಂಜೆ ಕರೆದರು: "ನಾನೇನೂ ಮಾಡಲಿಲ್ಲ ಕಣೋ, ಒಂದು ಪ್ಯಾರಾ ಪೂರ್ತಿ ಮಾಯವಾಯಿತು." ಬಳಸುವವರು ಹೇಳುವ 'ಏನೂ ಮಾಡಲಿಲ್ಲ' ಎಂಬ ಮಾತನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಅಂದು ನಂಬಬೇಕಿತ್ತು.

ಟಿಕಿಂಟರ್‌ನ ಸ್ವಭಾವ ವಿಚಿತ್ರ. ಕೀಲಿ ಒತ್ತಿದಾಗ ಓಡುವ ಫಂಕ್ಷನ್ (ಒಂದು ಕೆಲಸದ ಕೋಡ್ ತುಣುಕು) ಮುಗ್ಗರಿಸಿದರೂ ಕಿಟಕಿ ಮುಚ್ಚುವುದಿಲ್ಲ. ದೋಷವನ್ನು ಟರ್ಮಿನಲ್‌ಗೆ, ಅಂದರೆ ಆದೇಶ ಟೈಪಿಸುವ ಕಿಟಕಿಗೆ, ಉಗುಳಿ ಸುಮ್ಮನಾಗುತ್ತದೆ. ಐಕಾನ್ ಒತ್ತಿ ತೆರೆಯುವ ಅಪ್ಪನಿಗೆ ಟರ್ಮಿನಲ್ ಎಲ್ಲಿ ಕಾಣಬೇಕು? ನಾನು ಟರ್ಮಿನಲ್‌ನಿಂದಲೇ ತೆರೆದು, ಅವರಿಂದ ಕಾಪಿ ಮಾಡಿದ್ದನ್ನು ಅಂಟಿಸುವ ಅದೇ ಕೆಲಸವನ್ನು ಮತ್ತೆ ಮಾಡಿಸಿದೆ. ಟಿಸಿಎಲ್‌ಎರರ್ ಎಂಬ ದೋಷ ಬಂತು: ಕ್ಲಿಪ್‌ಬೋರ್ಡ್‌ನಲ್ಲಿ (ಕಾಪಿ ಮಾಡಿದ್ದು ತಂಗುವ ಜಾಗ) ಏನೂ ಇಲ್ಲ, ಅಥವಾ ಇರುವುದು 'ಸ್ಟ್ರಿಂಗ್', ಅಂದರೆ ಪಠ್ಯದ, ರೂಪದಲ್ಲಿಲ್ಲ.

ತಕ್ಷಣ ಇಡೀ ಪೇಸ್ಟ್ ಫಂಕ್ಷನ್ನಿಗೆ, ದೋಷವನ್ನು ಹಿಡಿದು ನುಂಗುವ ಟ್ರೈ-ಎಕ್ಸೆಪ್ಟ್ ಸುತ್ತಿ ಕೈತೊಳೆದುಕೊಂಡೆ. ದೋಷದ ಸಂದೇಶ ನಿಂತಿತು, ಪ್ಯಾರಾ ಮಾಯವಾಗುವುದು ನಿಲ್ಲಲಿಲ್ಲ. ಆಗಷ್ಟೇ ಕೋಡನ್ನು ಸಾಲುಸಾಲಾಗಿ ಓದಿದೆ. ಮೊದಲ ಸಾಲು: ಆಯ್ದ ಪಠ್ಯವನ್ನು ಅಳಿಸು. ಎರಡನೆಯದು: ಕ್ಲಿಪ್‌ಬೋರ್ಡ್‌ನಿಂದ ತೆಗೆದುಕೋ. ಮೂರನೆಯದು: ಸೇರಿಸು. ಎರಡನೆಯ ಸಾಲಿನಲ್ಲಿ ಎಡವುವ ಹೊತ್ತಿಗೆ ಅಳಿಸುವ ಕೆಲಸ ಮುಗಿದೇ ಹೋಗಿರುತ್ತಿತ್ತು. ಹೊಸ ಅಕ್ಕಿ ಬಂದಿದೆಯೋ ಇಲ್ಲವೋ ನೋಡದೆ ಹಳೆಯ ಡಬ್ಬಿಯನ್ನು ಖಾಲಿ ಮಾಡಿದ ಹಾಗೆ. ಸಾಲದ್ದಕ್ಕೆ ಟಿಕಿಂಟರ್‌ನ ಟೆಕ್ಸ್ಟ್ ವಿಜೆಟ್‌ನಲ್ಲಿ (ಬರೆಯುವ ಚೌಕ) ಮಾಡಿದ್ದನ್ನು ರದ್ದು ಮಾಡುವ ಅನ್‌ಡೂ ಸೌಲಭ್ಯ ತಾನಾಗಿ ಚಾಲೂ ಇರುವುದಿಲ್ಲ, ನಾವೇ ಕೇಳಿ ಹಾಕಿಸಿಕೊಳ್ಳಬೇಕು. ನಾನು ಕೇಳಿರಲಿಲ್ಲ.

ಆದರೆ ಕ್ಲಿಪ್‌ಬೋರ್ಡ್ ಖಾಲಿಯಾದದ್ದಾದರೂ ಹೇಗೆ? ಅಪ್ಪ ಬೇರೊಂದು ಕಿಟಕಿಯಲ್ಲಿ ಕಾಪಿ ಮಾಡಿಕೊಂಡೇ ಬಂದಿದ್ದರು. ಅವರ ಬೆರಳುಗಳನ್ನು ನೋಡುತ್ತ ಕುಳಿತೆ. ಕಾಪಿಯ ಸಿ ಮತ್ತು ಅಂಟಿಸುವ ವಿ ಅಕ್ಕಪಕ್ಕದ ಕೀಲಿಗಳು. ಎಡಿಟರ್‌ಗೆ ಬಂದು, ಏನನ್ನೂ ಆಯ್ಕೆ ಮಾಡದೆ, ಅಂಟಿಸಲೆಂದು ಹೋಗಿ ಕಂಟ್ರೋಲ್-ಸಿ ಒತ್ತಿದರು. ನನ್ನ ಕಾಪಿ ಫಂಕ್ಷನ್ನಿನ ಮೊದಲ ಸಾಲು ಕ್ಲಿಪ್‌ಬೋರ್ಡನ್ನು ತೆರವುಗೊಳಿಸುವುದೇ ಆಗಿತ್ತು! ಆಮೇಲೆ ಆಯ್ದ ಪಠ್ಯ ಹುಡುಕಿ, ಸಿಗದೆ, ಅದೂ ಮುಗ್ಗರಿಸುತ್ತಿತ್ತು. ಬಳಿಕ ಅವರು ಬದಲಿಸಬೇಕಾದ ಪ್ಯಾರಾ ಆಯ್ದು ವಿ ಒತ್ತಿದರೆ, ಪ್ಯಾರಾ ಅಳಿಯುತ್ತಿತ್ತು, ಅಂಟಿಸಲು ಏನೂ ಇರುತ್ತಿರಲಿಲ್ಲ. ಅಂದರೆ ಕ್ಲಿಪ್‌ಬೋರ್ಡ್ ಬರಿದು ಮಾಡುತ್ತಿದ್ದವನೂ ನಾನೇ, ಬರಿದಾಗಿದೆ ಎಂದು ಬೆಚ್ಚುತ್ತಿದ್ದವನೂ ನಾನೇ.

ಎರಡೂ ಕಡೆ ಕ್ರಮ ಬದಲಿಸಿದೆ. ಕಾಪಿಯಲ್ಲಿ ಮೊದಲು ಪಠ್ಯವನ್ನು ಕೈಗೆ ತೆಗೆದುಕೊಂಡು ಆಮೇಲೆ ತೆರವು. ಪೇಸ್ಟ್‌ನಲ್ಲಿ ಮೊದಲು ತರುವುದು, ಆಮೇಲೆ ಅಳಿಸುವುದು. ಟ್ರೈ ಈಗ ತರುವ ಒಂದೇ ಸಾಲಿಗೆ, ಹಿಡಿಯುವುದು ಟಿಸಿಎಲ್‌ಎರರ್ ಒಂದನ್ನೇ. ಬಳಿಕ ಕುತೂಹಲಕ್ಕೆ ಟಿಕಿಂಟರ್‌ನ ಬುಡದಲ್ಲಿರುವ ಟಿಕೆಯೊಂದಿಗೇ ಬರುವ ಮೂಲ ಸ್ಕ್ರಿಪ್ಟ್ ತೆರೆದು ನೋಡಿದರೆ ಅಲ್ಲಿಯೂ ಇದೇ ಕ್ರಮವಿತ್ತು. ಅದರ ಸಿದ್ಧ ಪೇಸ್ಟನ್ನೇ ಬಳಸಿದ್ದರೆ ಈ ಪಾಡು ಇರುತ್ತಿರಲಿಲ್ಲ.

ದೋಷ ಬಂದಾಗ ಸಂದೇಶದ ಪುಟ್ಟ ಕಿಟಕಿ ಎಬ್ಬಿಸುವುದು ನನಗೆ ಹಿಡಿಸುವುದಿಲ್ಲ. ತಪ್ಪು ಕೀಲಿಗೆಲ್ಲ 'ಸರಿ' ಒತ್ತುತ್ತ ಕೂರಲು ಯಾರಿಗೆ ಸಹನೆಯಿದೆ? ಕೆಳಗಿನ ಪಟ್ಟಿಯಲ್ಲಿ 'ಕ್ಲಿಪ್‌ಬೋರ್ಡ್ ಖಾಲಿ' ಎಂದು ತೋರಿಸಿದೆ. ಮರುದಿನ ಅಪ್ಪ ಫೋಟೊ ಒಂದನ್ನು ಕಾಪಿ ಮಾಡಿ ತಂದು, "ಖಾಲಿ ಎಲ್ಲಿದೆ, ಈಗ ತಾನೇ ತುಂಬಿದೆ" ಎಂದು ವಾದಕ್ಕೆ ನಿಂತರು. ಚಿತ್ರವಿದ್ದರೂ ಬರುವುದು ಅದೇ ದೋಷ. ಈಗ ಅಲ್ಲಿ 'ಅಂಟಿಸಲು ಪಠ್ಯವಿಲ್ಲ' ಎಂದಿದೆ.