ನೀಲಿ ಗೆರೆಯೆಲ್ಲ ನೀರಲ್ಲ: ಒಣನಾಡಿನ ಟೋಪೋ ಶೀಟು ಓದಿದ ಅನುಭವ

ದಕ್ಷಿಣ ನ್ಯೂ ಮೆಕ್ಸಿಕೋದ ದನ ಮೇಯಿಸುವ ಒಣಸೀಮೆಯಲ್ಲಿ ಕಾಲ್ನಡಿಗೆಯಲ್ಲಿ ತಿರುಗುವಾಗ ನಾನು ನೆಚ್ಚಿಕೊಂಡದ್ದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಹಳೆಯ 1:24,000 ಪ್ರಮಾಣದ ಟೋಪೋ ಶೀಟುಗಳನ್ನು, ಅಂದರೆ ನೆಲದ ಏರಿಳಿತ, ಹಳ್ಳ, ಬಾವಿ ಮುಂತಾದವನ್ನು ತೋರಿಸುವ ನಕ್ಷೆಗಳನ್ನು. ಅವುಗಳಲ್ಲಿ ಒಂದು ಅಂಗುಲವೆಂದರೆ ನೆಲದ ಮೇಲೆ 2,000 ಅಡಿ.

ಮೊದಲ ಸಲ ಹೋದಾಗ ನೀಲಿ ಬಣ್ಣ ಕಂಡಲ್ಲೆಲ್ಲ ನೀರು ಸಿಗುತ್ತದೆಂದು ನಂಬಿ ಹೊರಟಿದ್ದೆ. ಆದರೆ ಒಂದು ಗೀಟು, ಮೂರು ಚುಕ್ಕೆ, ಮತ್ತೆ ಒಂದು ಗೀಟು ಎಂಬಂತೆ ಸಾಗುವ ನೀಲಿ ಗೆರೆ, ಮಳೆ ಬಂದಾಗಷ್ಟೇ ಹರಿದು ಉಳಿದ ಕಾಲವೆಲ್ಲ ಮರಳಾಗಿಯೇ ಇರುವ ಹಳ್ಳದ ಗುರುತು. ಅಲ್ಲಿನವರು ಅದನ್ನು ಅರೋಯೋ ಎನ್ನುತ್ತಾರೆ. 'ಟ್ಯಾಂಕ್' ಎಂದು ಬರೆದಿರುವುದು ಸಾಮಾನ್ಯವಾಗಿ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ದನಗಳಿಗೆಂದು ಮಾಡಿದ ಕಟ್ಟೆ. ಕೆರೆಯನ್ನು ಇಂಗ್ಲಿಷಿನಲ್ಲಿ ಟ್ಯಾಂಕ್ ಎಂದೇ ಕೇಳಿ ಬೆಳೆದ ನನಗೆ ಆ ಅರ್ಥ ಕೂಡಲೇ ಹಿಡಿಯಿತು. ಆದರೆ ನಾನು ತಲುಪಿದ ಕಟ್ಟೆಯಲ್ಲಿ ಇದ್ದದ್ದು ಹೂಳು ಒಣಗಿ ಅಂಗೈಯಗಲದ ಚಕ್ಕೆಗಳಾಗಿ ಬಿರಿದ ನೆಲ, ಅದರ ಮೇಲೆ ಗಟ್ಟಿಯಾಗಿ ಉಳಿದ ಗೊರಸಿನ ಗುರುತುಗಳು. ಶೀಟಿನ ಮೂಲೆಯಲ್ಲಿ ಅಚ್ಚಾಗಿದ್ದ ಸರ್ವೆಯ ಇಸವಿಯನ್ನು ನಾನು ನೋಡಿದ್ದು ಆಮೇಲೆ. ಈಗ ಎಲ್ಲಕ್ಕಿಂತ ಮೊದಲು ಓದುವುದು ಆ ಇಸವಿಯನ್ನೇ, ಏಕೆಂದರೆ ಗಾಳಿಯಂತ್ರ, ಬಾವಿ, ಕಟ್ಟೆ ಇವೆಲ್ಲ ಆ ವರ್ಷ ಇದ್ದವು ಎಂಬುದಕ್ಕಷ್ಟೇ ನಕ್ಷೆ ಸಾಕ್ಷಿ.

ನೆಲದ ಇಳಿಜಾರಿನ ವಿಷಯದಲ್ಲಿ ನಾನು ಹೆಚ್ಚು ನಂಬುವುದು ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳನ್ನು. ಹಳ್ಳವನ್ನು ದಾಟುವಲ್ಲಿ ಅವು ಮೇಲ್ಹರಿವಿನ ಕಡೆಗೆ ಮೊನೆ ಮಾಡಿ ಬಾಗುತ್ತವೆ. ಐದಕ್ಕೊಂದು ರೇಖೆ ದಪ್ಪಗಿರುವುದರಿಂದ, ಒಂದು ರೇಖೆಯಿಂದ ಮುಂದಿನದಕ್ಕೆ ಎತ್ತರದಲ್ಲಿ 20 ಅಡಿ ಅಂತರವಿರುವ ಶೀಟಿನಲ್ಲಿ ದಪ್ಪ ಗೆರೆಗಳನ್ನು ಎಣಿಸಿದರೆ ಏರು ನೂರು ನೂರು ಅಡಿಗಳಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಆದರೂ ಅವು ಹೇಳದೆ ಬಿಡುವುದೊಂದಿದೆ. ರೇಖೆಗಳು ದೂರದೂರ ಇದ್ದ, ನೋಡಲು ಚಪ್ಪಟೆಯಾದ ಬಯಲಿನಲ್ಲಿ ನೇರ ದಾರಿ ಹಿಡಿದು ಹೋದ ನಾನು, ಇಳಿಯಲಾಗದಷ್ಟು ಕಡಿದಾದ, ಎರಡಾಳು ಆಳದ ಮಣ್ಣಿನ ದಂಡೆಯ ಮುಂದೆ ನಿಂತುಬಿಟ್ಟೆ. ಹನ್ನೆರಡು ಅಡಿಯ ಕೊರಕಲು ಎರಡು ರೇಖೆಗಳ ನಡುವಿನ 20 ಅಡಿಯಲ್ಲಿ ಸಲೀಸಾಗಿ ಅಡಗಿಕೊಳ್ಳುತ್ತದೆ. ದಾಟಲು ಜಾಗ ಹುಡುಕುತ್ತ ಅರ್ಧ ಮೈಲಿ ಸುತ್ತಬೇಕಾಯಿತು, ಕೊನೆಗೆ ದನಗಳು ತುಳಿದು ಮಾಡಿದ ಜಾಡಿನಲ್ಲೇ ಇಳಿದೆ.

ಇರುವ ಜಾಗ ಗುರುತಿಸಲು ನೆರವಾದದ್ದು ನಕ್ಷೆಯ ಮೇಲಿನ ಕೆಂಪು ಚೌಕಗಳು. ಒಂದೊಂದು ಚೌಕ ಸುಮಾರು ಒಂದು ಮೈಲಿ ಬದಿಯ, 640 ಎಕರೆಯ ಸೆಕ್ಷನ್, ಅಲ್ಲಿನ ಜಮೀನು ಸರ್ವೆಯ ಒಂದು ಘಟಕ. ತಂತಿಬೇಲಿಗಳು ಅನೇಕ ಕಡೆ ಅವುಗಳ ಅಂಚಿನಲ್ಲೇ ಸಾಗುವುದರಿಂದ, ಬೇಲಿ ತಿರುಗುವ ಮೂಲೆ ಸಿಕ್ಕಿದಾಗಲೆಲ್ಲ ಅಲ್ಲಿಯೇ ನಿಂತು, ದಿಕ್ಸೂಚಿ ಇಟ್ಟು, ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಚುಕ್ಕೆ ಹಾಕಿ ಮುಂದೆ ನಡೆಯುತ್ತೇನೆ.