ಅಡ್ಡಬಿಲ್ಲಿನ ಅಭ್ಯಾಸಕ್ಕೆ ಬಾಳಿಕೆಯ ಟಾರ್ಗೆಟ್: ಆಯ್ಕೆ ಹೇಗೆ?

ಅಡ್ಡಬಿಲ್ಲು, ಅಂದರೆ ಕ್ರಾಸ್‌ಬೋ, ಕೈಗೆ ಬಂದ ಹೊಸತರಲ್ಲಿ ನಾನು ಭತ್ತದ ಹುಲ್ಲಿನ ಎರಡು ಪೆಂಡಿಗಳನ್ನು ಬಿಗಿದು ಕಟ್ಟಿ, ಇಪ್ಪತ್ತು ಹೆಜ್ಜೆ ದೂರದಿಂದ ಬಾಣ ಬಿಟ್ಟಿದ್ದೆ. ಬಾಣ ಹುಲ್ಲನ್ನು ತೂರಿಕೊಂಡು ಹೋಗಿ ಹಿಂದಿನ ಮಣ್ಣಿನ ದಿಬ್ಬದಲ್ಲಿ ಹೂತುಕೊಂಡಿತು. ಅದರ ಮೂರು ಗರಿಗಳಲ್ಲಿ ಎರಡು ಹುಲ್ಲಿನೊಳಗೇ ಕಿತ್ತು ಉಳಿದವು. ದಿಬ್ಬ ಇಲ್ಲದಿದ್ದರೆ ಬಾಣ ಎಲ್ಲಿಗೆ ಹೋಗುತ್ತಿತ್ತೋ!

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಬಿಲ್ಲಿನ ಬಲವನ್ನು ಲೆಕ್ಕ ಹಾಕಿಕೊಳ್ಳಬೇಕು. ಈಗಿನ ಅಡ್ಡಬಿಲ್ಲುಗಳಲ್ಲಿ ಸೆಕೆಂಡಿಗೆ 400 ಅಡಿ, ಅಂದರೆ ಸುಮಾರು 122 ಮೀಟರ್ ವೇಗ ಅಪರೂಪವೇನಲ್ಲ. ಅಷ್ಟು ವೇಗದಲ್ಲಿ ಹೋಗುವ 26 ಗ್ರಾಂ ತೂಕದ ಬಾಣದ ಶಕ್ತಿ ಸುಮಾರು 190 ಜೂಲ್ ಆಗುತ್ತದೆ. ರಿಕರ್ವ್ ಬಿಲ್ಲಿನಿಂದ, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ, ಕೈಯಲ್ಲೇ ಎಳೆದು ಬಿಡುವ ಬಿಲ್ಲಿನಿಂದ, ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೊರಡುವ 20 ಗ್ರಾಂ ಬಾಣಕ್ಕಿರುವುದು 36 ಜೂಲ್ ಮಾತ್ರ. ಹೀಗೆ ಐದು ಪಟ್ಟು ವ್ಯತ್ಯಾಸವಿರುವಾಗ ಸಾಮಾನ್ಯ ಬಿಲ್ಲುಗಾರಿಕೆಯ ಟಾರ್ಗೆಟ್ ಇದಕ್ಕೂ ಸಾಕೆಂದುಕೊಳ್ಳುವುದು ತಪ್ಪು. ಒಳ್ಳೆಯ ಟಾರ್ಗೆಟ್‌ಗಳ ಮೇಲೆ ಅವು ಎಷ್ಟು ವೇಗದ ಬಾಣವನ್ನು ತಡೆಯಬಲ್ಲವು ಎಂದು ಅಡಿಗಳ ಲೆಕ್ಕದಲ್ಲಿ ಬರೆದಿರುತ್ತಾರೆ. ಆ ಅಂಕಿ ನಿಮ್ಮ ಬಿಲ್ಲಿನ ವೇಗಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ.

ಗಟ್ಟಿಯಾದದ್ದು ಹೆಚ್ಚು ಬಾಳುತ್ತದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಪ್ಲೈವುಡ್ ಹಲಗೆಗೆ ಹೊಡೆದರೆ ಬಾಣದ ಕಡ್ಡಿ ಸೀಳುತ್ತದೆ. ಹಳೆಯ ಟೈರಿಗೆ ಹೊಡೆದರೆ ಬಾಣ ಪುಟಿದು ನಿಮ್ಮ ಕಡೆಗೇ ಬರಬಹುದು. ಟಾರ್ಗೆಟ್ ಬಾಣದ ಕಡ್ಡಿಯನ್ನು ಸುತ್ತಲಿಂದ ಹಿಡಿದು, ಉಜ್ಜಿ, ಒಂದಷ್ಟು ದೂರ ಒಳಗೆ ಬಿಟ್ಟುಕೊಂಡು ನಿಲ್ಲಿಸಬೇಕು. ಮೇಲೆ ಹೇಳಿದ 190 ಜೂಲ್ ಶಕ್ತಿಯ ಬಾಣ 30 ಸೆಂಟಿಮೀಟರಿನಲ್ಲಿ ನಿಲ್ಲಬೇಕಾದರೆ ಸರಾಸರಿ 65 ಕಿಲೋ ಭಾರದಷ್ಟು ತಡೆ ಬೇಕಾಗುತ್ತದೆ. ಹೀಗೆ ನಿಲ್ಲಿಸಿದ ಉಜ್ಜಾಟವೇ ಬಾಣವನ್ನು ಕೀಳುವಾಗ ನಿಮ್ಮ ತೋಳಿಗೆ ಎದುರಾಗುತ್ತದೆಂಬುದನ್ನು ಕೊಳ್ಳುವಾಗ ಯಾರೂ ಯೋಚಿಸುವುದಿಲ್ಲ.

ಇನ್ನು ಬಗೆಯ ಆಯ್ಕೆ. ಫೋಮ್ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದು, ಅಂಚಿನ ಕಡೆಗೆ ಹೊಡೆಯುವಂತೆ ಮಾಡಿದ ಟಾರ್ಗೆಟ್‌ನಲ್ಲಿ ಬಾಣ ಪದರಗಳ ನಡುವೆ ಜಾಗ ಮಾಡಿಕೊಂಡು ಹೋಗುವುದರಿಂದ ಫೋಮ್ ಕಡಿಮೆ ಕತ್ತರಿಸಿಹೋಗುತ್ತದೆ; ಪದರ ಸಡಿಲವಾದಾಗ ಪಟ್ಟಿಯನ್ನು ಮತ್ತೆ ಬಿಗಿಯಬಹುದು. ಅಚ್ಚು ಹೊಯ್ದ ಗಟ್ಟಿ ಫೋಮಿನ ದಿಮ್ಮಿ ದುಬಾರಿ. ಆದರೆ ಅದರ ತೂತುಗಳು ಬಹುಮಟ್ಟಿಗೆ ತಾವೇ ಮುಚ್ಚಿಕೊಳ್ಳುತ್ತವೆ ಮತ್ತು ನಾಲ್ಕು ಮಗ್ಗುಲಿಗೂ ತಿರುಗಿಸಿ ಹೊಡೆಯಬಹುದು. ಬ್ಲೇಡುಳ್ಳ ಬೇಟೆಯ ಮೊನೆಗೆ ಈ ಎರಡೇ ಸರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ನಿಷೇಧಿಸಿರುವಾಗ ಆ ಮೊನೆಗೆ ಹಣ ಹಾಕುವುದು ನನಗಂತೂ ವ್ಯರ್ಥವೆನಿಸುತ್ತದೆ.

ಬರೀ ಬ್ಲೇಡಿಲ್ಲದ ಅಭ್ಯಾಸದ ಮೊನೆ ಬಳಸುವವರಿಗೆ ನನ್ನ ಸಲಹೆ ಚೀಲದ ಟಾರ್ಗೆಟ್. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪ್ಲಾಸ್ಟಿಕ್ ನೇಯ್ಗೆಯ ದೊಡ್ಡ ಅಕ್ಕಿಚೀಲಗಳನ್ನು ಒಂದರೊಳಗೊಂದು ಹಾಕಿ, ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಹೊರಬೀಳುವ ಪಾಲಿಯೆಸ್ಟರ್ ತುಂಡುಬಟ್ಟೆಯನ್ನು ತುಂಬಬೇಕು. ಒಂದೊಂದು ಗೇಣು ತುಂಬಿದ ಮೇಲೂ ಚೀಲದೊಳಗೆ ಕಾಲಿಟ್ಟು ತುಳಿಯಬೇಕು; ಬಾಯಿ ಹೊಲಿದಾಗ ಚೀಲ ಬೆರಳಿಗೆ ಬಗ್ಗದಷ್ಟು ಬಿಗಿಯಾಗಿರಬೇಕು. ಹಳೆಯ ಪ್ಯಾಂಟು, ಜಾಕೆಟ್ಟುಗಳನ್ನು ಹಾಕುವುದಾದರೆ ಗುಂಡಿ, ಜಿಪ್ಪು, ಕೊಕ್ಕೆಗಳನ್ನು ಒಂದೂ ಬಿಡದೆ ಕಿತ್ತುಹಾಕಿ, ಏಕೆಂದರೆ ಒಂದು ಲೋಹದ ಗುಂಡಿ ಸಾಕು, ಬಾಣದ ಮೊನೆ ದಿಕ್ಕು ಬದಲಿಸಲು. ಹತ್ತಿಬಟ್ಟೆ ಮಳೆಗಾಲದಲ್ಲಿ ನೀರು ಹೀರಿ ಕೊಳೆಯುತ್ತದೆ, ಇಲಿಗೂ ಪ್ರಿಯ.

ದಪ್ಪದ ವಿಷಯದಲ್ಲಿ ಜಿಪುಣತನ ಬೇಡ. ಅಡ್ಡಬಿಲ್ಲಿನ ಬಾಣ ಸಾಮಾನ್ಯವಾಗಿ 20ರಿಂದ 22 ಅಂಗುಲ ಉದ್ದವಿರುತ್ತದೆ. ಗರಿಗಳು ಹೊರಗೇ ಉಳಿಯುವಂತೆ ಬಾಣ ನಿಲ್ಲಬೇಕು. ಒಳಗೆ ಸೇರಿದ ಗರಿ ಟಾರ್ಗೆಟ್ಟನ್ನೂ ಹಾಳುಮಾಡುತ್ತದೆ, ತಾನೂ ಹರಿಯುತ್ತದೆ. ಟಾರ್ಗೆಟ್ ಎಷ್ಟೇ ಚೆನ್ನಾಗಿರಲಿ, ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ ಇರಲೇಬೇಕು. ಬೇಲಿ ಅಥವಾ ತಗಡಿನ ಗೋಡೆ ಅದಕ್ಕೆ ಸಾಟಿಯಲ್ಲ.

ಬಳಸುವ ಕ್ರಮದಲ್ಲಿ ಎರಡು ಮಾತು. ದುರ್ಬೀನು ಕೂಡಿಸಿದ ಅಡ್ಡಬಿಲ್ಲಿನ ಬಾಣಗಳು ಒಂದೇ ಕಡೆ ಬೀಳುವುದರಿಂದ ಟಾರ್ಗೆಟ್‌ನ ನಡುಭಾಗ ಬೇಗ ಸೋಲುತ್ತದೆ, ಒಂದು ಬಾಣ ಇನ್ನೊಂದರ ಹಿಂತುದಿಯನ್ನು ಸೀಳುವುದೂ ಉಂಟು. ಆದ್ದರಿಂದ ಐದಾರು ಚುಕ್ಕೆಗಳನ್ನು ದೂರದೂರ ಬರೆದು, ಒಂದೊಂದಕ್ಕೆ ಒಂದೇ ಬಾಣ ಬಿಡಿ. ಕೀಳುವಾಗ ಒಂದು ಅಂಗೈಯನ್ನು ಟಾರ್ಗೆಟ್‌ಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ರಬ್ಬರ್ ತುಂಡಿನಿಂದ ಕಡ್ಡಿಯನ್ನು ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಬೆನ್ನ ಹಿಂದೆ ಯಾರೂ ನಿಂತಿರಬಾರದು. ಬಾಣದ ವೇಗಕ್ಕೆ ಫೋಮ್ ಕರಗಿ ಕಡ್ಡಿಗೆ ಅಂಟುತ್ತದೆ; ಮೊದಲೇ ಒಣ ಸೋಪನ್ನು ತೆಳ್ಳಗೆ ಸವರಿದ್ದರೆ ಎಳೆಯುವುದು ಸುಲಭ.

ಟಾರ್ಗೆಟ್ ಸವೆದದ್ದು ಮುಂದಿನಿಂದ ಕಾಣುವುದಿಲ್ಲ. ಅದರ ಬೆನ್ನಿಗೆ ಒಂದು ರಟ್ಟಿನ ಹಾಳೆ ಕಟ್ಟಿಟ್ಟು ಪ್ರತಿ ಸಲ ನೋಡುತ್ತಿರಿ. ರಟ್ಟಿನ ಮೇಲೆ ಮೊನೆಯ ಮೊದಲ ಗುರುತು ಮೂಡಿದ ದಿನವೇ ಹೊಡೆಯುವುದನ್ನು ನಿಲ್ಲಿಸಿ, ಚೀಲವಾದರೆ ಬಾಯಿ ಬಿಚ್ಚಿ ಬಟ್ಟೆ ತುಂಬಿ, ಫೋಮಾದರೆ ಪಟ್ಟಿ ಬಿಗಿಯಿರಿ ಇಲ್ಲವೇ ಮಗ್ಗುಲು ಬದಲಿಸಿ.