ಕೀ ತಿರುಗಿಸಿದರೆ ಬರೀ ‘ಟಕ್’ ಅಂದರೆ?

ಎರಡು ವರ್ಷದ ಹಿಂದೆ ನಾನು ಸುಮ್ನೆ ಒಂದು ಹೊಸ ಬ್ಯಾಟರಿ ಕೊಂಡೆ. ಬೆಳಿಗ್ಗೆ ಕೀ ತಿರುಗಿಸಿದರೆ ಕಾರು ಟಕಟಕ ಅಂದು ತೆಪ್ಪಗಾಗಿತ್ತು. ಅಂಗಡಿಯವರು ಬಾನೆಟ್ ಎತ್ತಿ ನೋಡಿ ‘ಬ್ಯಾಟರಿ ಹೋಗಿದೆ ಸರ್’ ಎಂದರು, ಹಾಕಿಸಿಕೊಂಡೆ. ಹದಿನೈದೇ ದಿನಕ್ಕೆ ಮತ್ತೆ ಅದೇ ಟಕಟಕ. ಕಡೆಗೆ ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಕಂಡುಹಿಡಿದರು: ಬ್ಯಾಟರಿಯ ಮೈನಸ್‌ನಿಂದ ಚಾಸಿಸ್‌ಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿತ್ತು. ಉಪ್ಪುಕಾಗದ ಹಾಕಿ ಉಜ್ಜಿ, ಬಿಗಿ ಮಾಡಿದರು. ಅಷ್ಟೇ.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಕಿವಿ ಕೊಡಿ.

ಟಕ್ ಅನ್ನುವುದು ಸೊಲೆನಾಯ್ಡ್, ಅಂದರೆ ಎಂಜಿನ್ ಹತ್ತಿಸುವ ಸೆಲ್ಫ್ ಮೋಟಾರಿನ ಬೆನ್ನ ಮೇಲಿರುವ ಸ್ವಿಚ್. ಅದು ಒಳಗಿನ ಹಲ್ಲುಚಕ್ರವನ್ನು ಮುಂದೆ ತಳ್ಳಿ, ಮೋಟಾರಿಗೆ ಕರೆಂಟ್ ಬಿಡುತ್ತದೆ. ಸ್ವಿಚ್ ಬೀಳಲು ಸ್ವಲ್ಪ ಕರೆಂಟ್ ಸಾಕು. ಎಂಜಿನ್ ತಿರುಗಿಸಲು ಮಾತ್ರ 100 ಆಂಪಿಯರ್‌ಗಿಂತ ಜಾಸ್ತಿಯೇ ಬೇಕು. ‘ಹಾರ್ನ್ ಕೂಗುತ್ತಿದೆ, ಲೈಟ್ ಹತ್ತುತ್ತಿದೆ, ಬ್ಯಾಟರಿ ಸರಿ ಇದೆ’ ಅನ್ನುವ ಲೆಕ್ಕ ತಪ್ಪುವುದು ಇಲ್ಲೇ.

ಮೊದಲು, ಯಾವ ಟಕ್? ಟಕಟಕಟಕ ಎಂದು ಬೇಗ ಬೇಗ ಬಂದರೆ ಹೆಚ್ಚಾಗಿ ಬ್ಯಾಟರಿ ಡೌನ್, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ಒಂದು ಗಟ್ಟಿ ಟಕ್ ಬಂದು ನಿಂತರೆ ಸೆಲ್ಫ್ ಮೋಟಾರಿನ ಮೇಲೆ ಅನುಮಾನ ಪಡಬಹುದು. ಖಾತ್ರಿಗೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ಮಂಕಾಗಿ ಆರಿಹೋದರೆ ಬ್ಯಾಟರಿ ಕಡೆ ನೋಡಿ. ಹಾಗೇ ಪ್ರಕಾಶವಾಗಿದ್ದರೆ ಸೆಲ್ಫ್ ಕಡೆ. ಮತ್ತೆ ಮತ್ತೆ ಕೀ ತಿರುಗಿಸುತ್ತಾ ಕೂರಬೇಡಿ, ಉಳಿದಿರುವ ಚಾರ್ಜೂ ಖಾಲಿಯಾಗುತ್ತದೆ.

ಎರಡನೆಯದು, ಟರ್ಮಿನಲ್. ಎಂಜಿನ್ ಆಫ್ ಮಾಡಿ, ಬ್ಯಾಟರಿಯ ಎರಡೂ ಕ್ಲಾಂಪುಗಳನ್ನು ಕೈಯಲ್ಲಿ ಅಲ್ಲಾಡಿಸಿ. ಅಲುಗಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಬಿಳಿ ಅಥವಾ ನೀಲಿ ಬೂಷ್ಟು ಕಟ್ಟಿದ್ದರೆ ಬಿಚ್ಚಿ ತೊಳೆಯಬೇಕು. ಹೆಚ್ಚಿನ ಕಾರುಗಳಿಗೆ 10ರ ಸ್ಪ್ಯಾನರ್ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿದರೆ ಸ್ಪ್ಯಾನರ್ ಪ್ಲಸ್‌ನಿಂದ ಕಾರಿನ ಲೋಹಕ್ಕೆ ತಗುಲಿ ಕಿಡಿ ಹಾರುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ನೊರೆ ನಿಂತ ಮೇಲೆ ಒರೆಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬೂಷ್ಟು ಆಮ್ಲದ್ದು, ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ಆಮೇಲೆ ಮೈನಸ್ ವೈರ್ ಎಲ್ಲಿ ಮುಗಿಯುತ್ತದೋ ಆ ಬೋಲ್ಟನ್ನೂ ನೋಡಿ. ನನ್ನ ಬ್ಯಾಟರಿ ದುಡ್ಡು ಹೋಗಿದ್ದು ಅದರಿಂದಲೇ ಅಲ್ವಾ?

ಮೂರನೆಯದು, ಅಳತೆ. ಮಲ್ಟಿಮೀಟರ್ ಇದ್ದರೆ ಊಹೆ ಬೇಡ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕಡಿಮೆ ಇದ್ದರೆ ಹೆಚ್ಚುಕಮ್ಮಿ ಖಾಲಿ.

ನಾಲ್ಕನೆಯದು, ಪಕ್ಕದ ಮನೆಯವರ ಕಾರು. ಅದರ ಬ್ಯಾಟರಿಯಿಂದ ನಿಮ್ಮ ಕಾರಿಗೆ ಕರೆಂಟ್ ತರುವ ಜಂಪರ್ ಕೇಬಲ್‌ನಲ್ಲಿ ಕ್ರಮ ತಪ್ಪಬಾರದು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಅದರ ಹತ್ತಿರ ಕಿಡಿ ಬೇಡ. ಅವರ ಎಂಜಿನ್ ಐದು ನಿಮಿಷ ಓಡಲಿ, ಆಮೇಲೆ ಕೀ ತಿರುಗಿಸಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದಾಗಿ.

ಕೇಬಲ್ ಇಲ್ಲವೇ? ಕೈಗೇರಿನ ಕಾರಾದರೆ ತಳ್ಳಬಹುದು. ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿಹಿಡಿದು, ವೇಗ ಬಂದ ಮೇಲೆ ಪಟ್ಟನೆ ಬಿಡಿ. ಎಂಜಿನ್ ಹತ್ತುವವರೆಗೆ ಬ್ರೇಕ್, ಸ್ಟೀರಿಂಗ್ ಗಟ್ಟಿಯಾಗಿರುತ್ತವೆ, ಇಳಿಜಾರಿನಲ್ಲಿ ಹುಷಾರು. ಆಟೋಮ್ಯಾಟಿಕ್ ಕಾರನ್ನು ತಳ್ಳಿದರೆ ಬೆವರು ಬಿಟ್ಟು ಬೇರೇನೂ ಬರುವುದಿಲ್ಲ.

ಒಂಟಿ ಟಕ್ ಆದರೆ ಮೆಕ್ಯಾನಿಕ್‌ಗಳು ಮಾಡುವ ಹಳೇ ಉಪಾಯವೊಂದಿದೆ. ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಸೆಲ್ಫ್ ಮೋಟಾರಿನ ಮೈಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟುವುದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೋಟಾರಿನ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದು ಅಂಟಿಕೊಂಡಿದ್ದರೆ ಸರಿದು ಕಾರು ಹತ್ತೀತು. ಆದರೆ ಅದು ಗ್ಯಾರೇಜ್ ತಲುಪುವ ಮಟ್ಟಿಗೆ ಮಾತ್ರ. ಕಾರ್ಬನ್ ಬದಲಿಸಿದರೆ ಸಾಕಾಗಬಹುದು, ಇಡೀ ಮೋಟಾರ್ ಹಾಕಿಸಿ ಎಂದರೆ ಒಮ್ಮೆ ಕೇಳಿ ನೋಡಿ.

ನೀರಲ್ಲಿ ನಿಂತ ಕಾರಿನ ಮಾತು ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದವು. ಅಂಥ ಕಾರಿನ ಕೀ ಮುಟ್ಟಲೇಬೇಡಿ. ಸಿಲಿಂಡರಿಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟೋ ಮಾಡಿಸಿ.

ಕಾರು ಹತ್ತಿತೇ? ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸಾಮಾನ್ಯವಾಗಿ ಸರಿ ಇದೆ. 12ರಲ್ಲೇ ನಿಂತು ಇಳಿಯುತ್ತಾ ಹೋದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಟ್ಟಿರಬಹುದು. ಅದನ್ನು ಪರೀಕ್ಷಿಸಲು ಕೆಲವರು ಎಂಜಿನ್ ಓಡುವಾಗಲೇ ಬ್ಯಾಟರಿ ವೈರ್ ಕಿತ್ತು ನೋಡುತ್ತಾರೆ. ಅಂಬಾಸಿಡರ್ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ಕಂಪ್ಯೂಟರೇ ಸುಟ್ಟುಹೋಗಬಹುದು.